ಮಧ್ಯಾಹ್ನ 3:40ಕ್ಕೆ ಕೂತುಬಿಡುತ್ತಿದ್ದ ಸರ್ವರ್

ಜಗಳೂರು ಕಡೆಯ ರೈತರೊಬ್ಬರು ನನ್ನ ಟೇಬಲ್ ಮುಂದಿನ ಬೆಂಚಿನ ಮೇಲೆ ಕೂತಿದ್ದರು. ಅವರ ಮೆಕ್ಕೆಜೋಳ ತೂಕ ಆಗಿತ್ತು. ಟೆಂಡರ್ ರೇಟು ಬಂದಿತ್ತು. ಹಮಾಲಿ ಲೆಕ್ಕವೂ ಮುಗಿದಿತ್ತು. ಉಳಿದಿದ್ದು ಪಟ್ಟಿ ಒಂದೇ, ಅಂದರೆ ರೈತರ ಕೈಗೆ ಕೊಡುವ ಲೆಕ್ಕದ ಚೀಟಿ. ನಾನು ಪ್ರಿಂಟ್ ಒತ್ತಿದೆ. ಒಳಗಿನ ಕೋಣೆಯಲ್ಲಿ ಯುಪಿಎಸ್ ಒಂದು ಸಲ ಕೀರಲು ದನಿಯಲ್ಲಿ ಕೂಗಿತು. ಆಮೇಲೆ ಸದ್ದೇ ಇಲ್ಲ. ಸರ್ವರ್ ಫ್ಯಾನಿನ ಗುಂಯ್ ಅನ್ನೋ ಸದ್ದಿಗೆ ಕಿವಿ ಎಷ್ಟು ಒಗ್ಗಿರುತ್ತೆ ಅಂದರೆ, ಅದು ನಿಂತ ತಕ್ಷಣ ಕೋಣೆಯೇ ಖಾಲಿಯಾದ ಹಾಗೆ ಅನಿಸುತ್ತೆ.

"ತಂಗಿ, ಇನ್ನೂ ಎಷ್ಟೊತ್ತು ಆಕ್ಕತಿ? ಬಸ್ ಹೋಕ್ಕತಿ ನಮ್ದು" ಅಂದರು ಅವರು. ಸಿಟ್ಟಿನಿಂದ ಅಲ್ಲ. ಬೆಳಿಗ್ಗೆ ಕತ್ತಲಲ್ಲೇ ಊರು ಬಿಟ್ಟು ಬಂದವರ ಸುಸ್ತು ಅದು. ಆ ದಿನ ಅವರಿಗೆ ಪಟ್ಟಿ ಸಿಕ್ಕಿದ್ದು 45 ನಿಮಿಷ ತಡವಾಗಿ. ಬಸ್ ಸಿಕ್ಕಿತೋ ಇಲ್ಲವೋ ನನಗೆ ತಿಳಿಯಲಿಲ್ಲ. ಆ ಪ್ರಶ್ನೆ ಮಾತ್ರ ತಲೆಯಿಂದ ಹೋಗಲಿಲ್ಲ.

ನಾನು ದಾವಣಗೆರೆಯ ಎಪಿಎಂಸಿ ಯಾರ್ಡಿನ ಒಂದು ದಲಾಲಿ ಮಂಡಿಯಲ್ಲಿ ಲೆಕ್ಕ ನೋಡಿಕೊಳ್ಳುತ್ತೇನೆ. ನಮ್ಮಲ್ಲಿ ಆರು ಕಂಪ್ಯೂಟರ್, ಒಂದು ಸರ್ವರ್. ಸರ್ವರ್ 2016ರಲ್ಲಿ ತಂದದ್ದು. ಒಳಗೆ 1 ಟಿಬಿಯ ಎರಡು ಡಿಸ್ಕ್. ಒಂದರಲ್ಲಿ ಬರೆದದ್ದು ಇನ್ನೊಂದರಲ್ಲೂ ಬರೆಯುವಂತೆ ಮಿರರ್ ಮಾಡಿಸಿದ್ದಾರೆ. ಮಂಡಿಯ ಸಾಫ್ಟ್‌ವೇರಿನ ಡೇಟಾ, ಲೆಕ್ಕ ಬರೆಯುವ ಟ್ಯಾಲಿಯ ಡೇಟಾ, ರೈತರ ಬ್ಯಾಂಕ್ ವಿವರ, ಎಲ್ಲ ಅದರಲ್ಲೇ. ನಾನು ಓದಿದ್ದು ಬಿ.ಕಾಂ. ಸರ್ವರ್ ನೋಡಿಕೊಳ್ಳುವುದು ನನ್ನ ಕೆಲಸದ ಪಟ್ಟಿಯಲ್ಲಿ ಇರಲಿಲ್ಲ. ಅದರ ಕೋಣೆಯ ಪಕ್ಕದ ಟೇಬಲ್ ನನ್ನದು, ಹಾಗಾಗಿ ನನ್ನ ಪಾಲಿಗೆ ಬಂತು.

ಆ ವರ್ಷ ಸರ್ವರ್ ವಾರಕ್ಕೆ ಎರಡು ಮೂರು ಸಲ ತಾನಾಗಿಯೇ ನಿಲ್ಲತೊಡಗಿತು. ಕರೆದವರು ಬಂದು ನೋಡಿದರು. ಒಬ್ಬರು ವಿಂಡೋಸ್ ಮತ್ತೆ ಹಾಕಬೇಕು ಅಂದರು. ಇನ್ನೊಬ್ಬರು ರ‍್ಯಾಮ್ ಹೋಗಿದೆ ಅಂದರು. ಮತ್ತೊಬ್ಬರು, "ಹಳೇದಾತು ಮೇಡಂ, ಹೊಸಾದು ತಗೊಳ್ರಿ" ಅಂದರು. ಯಾರೂ ಅದು ಯಾವಾಗ ನಿಲ್ಲುತ್ತದೆ ಅಂತ ಮಾತ್ರ ಕೇಳಲಿಲ್ಲ.

ನಮ್ಮ ಅಪ್ಪ ಹತ್ತಿ ಮಿಲ್ಲಿನಲ್ಲಿ ಫಿಟ್ಟರ್ ಆಗಿದ್ದವರು. ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಅಂತ ಕರೆಯುತ್ತಿದ್ದ ಕಾಲದ ಕೊನೆಯ ತುದಿ ನೋಡಿದವರು. ಅವರ ಹತ್ತಿರ ಖಾಕಿ ರಟ್ಟಿನ ಸಣ್ಣ ನೋಟ್‌ಬುಕ್ ಇರುತ್ತಿತ್ತು. ಯಾವ ಮಿಷಿನ್, ಯಾವ ಶಿಫ್ಟು, ಎಷ್ಟು ಗಂಟೆಗೆ ನಿಂತಿತು, ಎಲ್ಲ ಪೆನ್ಸಿಲಿನಲ್ಲಿ. ನಾನು ಮನೆಯಲ್ಲಿ ಸರ್ವರಿನ ಗೋಳು ಹೇಳಿಕೊಂಡಾಗ ಅವರು ಹೇಳಿದ್ದು ಇಷ್ಟೇ: "ಮಿಷಿನ್ ಸುಮ್ನೆ ನಿಲ್ಲಲ್ಲವ್ವ. ಯಾವಾಗ ನಿಂತು ಅಂತ ಮೊದ್ಲು ಬರ್ಕ. ಯಾಕೆ ಅಂತ ಆಮೇಲೆ ಅದೇ ಹೇಳ್ತತಿ."

ಮರುದಿನ 200 ಪುಟದ ನೋಟ್‌ಬುಕ್ ತಂದೆ. ತಾರೀಖು, ಗಂಟೆ, ಆಗ ಯಾರು ಏನು ಮಾಡುತ್ತಿದ್ದರು, ಕರೆಂಟ್ ಇತ್ತೋ ಇಲ್ಲವೋ. ನಾಲ್ಕೇ ಕಾಲಂ. ಜೊತೆಗೆ ಕಂಪ್ಯೂಟರಿನಲ್ಲಿ ಯಾವಾಗ ಏನಾಯಿತು ಅಂತ ತೋರಿಸುವ ವಿಂಡೋಸಿನ ಈವೆಂಟ್ ವ್ಯೂವರ್ ತೆಗೆದು ನೋಡುವುದನ್ನು ಕಲಿತೆ. ಅದರಲ್ಲಿ ಸಿಸ್ಟಮ್ ಲಾಗ್ ಅಂತ ಒಂದಿರುತ್ತದೆ. ಸರ್ವರ್ ಸರಿಯಾಗಿ ಶಟ್‌ಡೌನ್ ಆಗದೆ ನಿಂತಿದ್ದರೆ, ಮತ್ತೆ ಆನ್ ಆದಾಗ ಅಲ್ಲಿ ಕರ್ನಲ್ ಪವರ್ 41 ಅಂತ ಒಂದು ಕೆಂಪು ಗುರುತಿನ ಸಾಲು ಬರುತ್ತದೆ. 6008 ಅಂತ ಇನ್ನೊಂದು ಬರುತ್ತದೆ. 41 ನೋಡಿ ಹೆದರಬೇಕಿಲ್ಲ. 'ನಾನು ಹೇಳದೆ ಕೇಳದೆ ನಿಂತುಬಿಟ್ಟಿದ್ದೆ' ಅಂತ ಮಾತ್ರ ಅದು ಹೇಳುತ್ತದೆ. ಕಾರಣ ಹೇಳುವುದಿಲ್ಲ. ಆದರೆ ವಿಂಡೋಸ್ ತಾನೇ ತೊಂದರೆಗೆ ಸಿಕ್ಕಿ ನೀಲಿ ಪರದೆ ತೋರಿಸಿ ನಿಂತಿದ್ದರೆ ಆ ಸಾಲಿನ ವಿವರದಲ್ಲಿ ಸಾಮಾನ್ಯವಾಗಿ ಯಾವ ತೊಂದರೆ ಅಂತ ಗುರುತಿಸುವ ಬಗ್‌ಚೆಕ್ ಕೋಡ್ ಇರುತ್ತದೆ. ನಮ್ಮದರಲ್ಲಿ ಪ್ರತಿ ಸಲವೂ ಅದು ಸೊನ್ನೆ. ಅಂದರೆ ವಿಂಡೋಸ್ ಮೇಲೆ ಅನುಮಾನ ಕಡಿಮೆ. ಕರೆಂಟೋ, ಶಾಖವೋ, ಇಂಥದ್ದೇನೋ ಅದನ್ನು ಒಮ್ಮೆಲೇ ನಿಲ್ಲಿಸುತ್ತಿದೆ. ಇಷ್ಟು ತಿಳಿದಿದ್ದಕ್ಕೇ ವಿಂಡೋಸ್ ಮತ್ತೆ ಹಾಕಿಸುವ ಖರ್ಚು ಉಳಿಯಿತು.

ಮೂರು ವಾರದಲ್ಲಿ ಎಂಟು ಸಾಲು ಬರೆದೆ. ಎಂಟರಲ್ಲಿ ಆರು ಮಧ್ಯಾಹ್ನ ಮೂರೂವರೆಯಿಂದ ನಾಲ್ಕರ ಒಳಗೆ. ಅದರಲ್ಲಿ ಮೂರು ಸರಿಯಾಗಿ 3:40ರ ಆಚೆ ಈಚೆ.

ಮೊದಲು ನನಗೆ ಹೊಳೆದದ್ದು ಬಿಸಿಲು. ಏಪ್ರಿಲ್ ತಿಂಗಳು. ನಮ್ಮ ಆಫೀಸು ಗೋದಾಮಿನ ಮೇಲಿದೆ, ಮೇಲ್ಗಡೆ ಶೀಟು. ಆ ಹೊತ್ತಿಗೆ ಟೇಬಲ್ಲಿನ ಕಬ್ಬಿಣ ಮುಟ್ಟಿದರೂ ಬೆಚ್ಚಗಿರುತ್ತದೆ. ಸರ್ವರಿನ ಪ್ರೊಸೆಸರ್ ಶಾಖ ತೋರಿಸುವ ಸಣ್ಣ ಪ್ರೋಗ್ರಾಂ ಹಾಕಿ ನೋಡಿದರೆ 91 ಡಿಗ್ರಿ. ಇಷ್ಟು ಬಿಸಿ ಒಳ್ಳೆಯದಲ್ಲ ಅಂತ ಯಾರಾದರೂ ಹೇಳುತ್ತಾರೆ. ಹಾಗಾಗಿ ಒಂದು ಭಾನುವಾರ ಬಿಚ್ಚಿದೆ.

ಆ ದಿನ ನೋಡಿದ್ದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಪಕ್ಕದ ತಗಡು ಸರಿಸಿದ ಕೂಡಲೇ ಬಂದದ್ದು ಗೋದಾಮಿನ ವಾಸನೆ. ಒಣ ಜೋಳದ ವಾಸನೆ. ಮುಂದಿನ ಫ್ಯಾನಿನ ಹಿಂದೆ ಒಂದು ಬೆರಳು ದಪ್ಪ ಕಂಬಳಿಯ ಹಾಗೆ ಧೂಳು ಕೂತಿತ್ತು. ಬರೀ ಧೂಳಲ್ಲ. ಮೆಕ್ಕೆಜೋಳ ಒಕ್ಕಣೆಯಲ್ಲಿ ಕಾಳಿನ ಬುಡದಿಂದ ಒಂದು ತೆಳ್ಳನೆ ಕೆಂಪು ಪೊರೆ ಬಿಡುತ್ತದಲ್ಲ, ಈರುಳ್ಳಿ ಸಿಪ್ಪೆಗಿಂತ ಹಗುರ, ಊದಿದರೆ ಹಾರುತ್ತದೆ. ಅದು ಪದರ ಪದರವಾಗಿ ಅಂಟಿಕೊಂಡಿತ್ತು. ಪ್ರೊಸೆಸರಿನ ಮೇಲಿನ ಅಲ್ಯುಮಿನಿಯಂ ರೆಕ್ಕೆಗಳ ನಡುವೆ ಒಂದು ಸಂದಿಯೂ ಖಾಲಿ ಇರಲಿಲ್ಲ. ಫ್ಯಾನ್ ತಿರುಗುತ್ತಿತ್ತು, ಗಾಳಿ ಮಾತ್ರ ಎಲ್ಲಿಗೂ ಹೋಗುತ್ತಿರಲಿಲ್ಲ. ಮೂಲೆಯಲ್ಲಿ ಹಲ್ಲಿಯ ಎರಡು ಮೊಟ್ಟೆ. ಒಂದು ಒಡೆದಿತ್ತು. ಮಿಲ್ಲಿನ ಮಿಷಿನ್‌ಗಳ ಹೊಟ್ಟೆ ತುಂಬ ಹತ್ತಿಯ ನಾರು ಇರುತ್ತಿತ್ತು ಅಂತ ಅಪ್ಪ ಹೇಳುತ್ತಿದ್ದದ್ದು ಆಗ ನೆನಪಾಯಿತು. ಹೊರಗೆ ಗಾಳಿಯಲ್ಲಿ ಏನು ಹಾರುತ್ತದೋ ಅದೇ ಒಳಗೂ.

ಶುಚಿ ಮಾಡುವಾಗ ಕಲಿತ ಎರಡು ಮೂರು ಮಾತು ಹೇಳುತ್ತೇನೆ, ಇದನ್ನು ಮಾಡಹೊರಟವರಿಗೆ ಬೇಕಾಗುತ್ತದೆ. ಪವರ್ ವೈರ್ ಕಿತ್ತು, ಆಮೇಲೆ ಒಂದು ಸಲ ಪವರ್ ಬಟನ್ ಒತ್ತಿ ಒಳಗೆ ಉಳಿದ ಕರೆಂಟ್ ಇಳಿಸಬೇಕು. ಕೈ ಹಾಕುವ ಮುಂಚೆ ಕ್ಯಾಬಿನೆಟ್ಟಿನ ಬಣ್ಣವಿಲ್ಲದ ಕಬ್ಬಿಣ ಮುಟ್ಟಬೇಕು. ಮೈಯಲ್ಲಿನ ಸ್ಥಿರ ವಿದ್ಯುತ್ತು ಚಿಪ್ಪಿಗೆ ಹಾರಿದರೆ ನಮಗೆ ಗೊತ್ತೂ ಆಗುವುದಿಲ್ಲ, ಚಿಪ್ ಹೋಗಿರುತ್ತದೆ. ಬ್ಲೋವರ್ ಹಿಡಿಯುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ಒತ್ತಿ ಹಿಡಿಯಬೇಕು. ಇಲ್ಲದಿದ್ದರೆ ಅದು ಹುಚ್ಚು ವೇಗದಲ್ಲಿ ತಿರುಗಿ ಬೇರಿಂಗ್ ಹಾಳಾಗುತ್ತದೆ. ಪವರ್ ಸಪ್ಲೈ ಡಬ್ಬಿಯನ್ನು ಮಾತ್ರ ಬಿಚ್ಚಬಾರದು. ವೈರ್ ಕಿತ್ತ ಮೇಲೂ ಅದರ ಕೆಪಾಸಿಟರಿನಲ್ಲಿ ಹೊಡೆಯುವಷ್ಟು ಕರೆಂಟ್ ಉಳಿದಿರುತ್ತದೆ. ರ‍್ಯಾಮ್ ತೆಗೆದು ಅದರ ಚಿನ್ನದ ಬಣ್ಣದ ಅಂಚನ್ನು ಮಗಳ ಕಂಪಾಸ್ ಬಾಕ್ಸಿನ ರಬ್ಬರಿನಿಂದ ಮೆಲ್ಲಗೆ ಉಜ್ಜಿದೆ. ಪ್ರೊಸೆಸರಿನ ಶಾಖವನ್ನು ರೆಕ್ಕೆಗಳಿಗೆ ದಾಟಿಸುವ ಹಳೆಯ ಪೇಸ್ಟ್ ಒಣಗಿ ಸುಣ್ಣದ ಹಾಗೆ ಆಗಿತ್ತು. ಅದನ್ನು ಒರೆಸಿ ಹೊಸದಾಗಿ ಬಟಾಣಿ ಕಾಳಿನಷ್ಟು ಹಾಕಿದೆ.

ಸೋಮವಾರ ಶಾಖ 62 ಡಿಗ್ರಿಗೆ ಇಳಿದಿತ್ತು. ನನಗೆ ಎಷ್ಟು ಖುಷಿ ಅಂದರೆ, ಸಾಹುಕಾರ್ರಿಗೆ ಸ್ಕ್ರೀನ್ ತೋರಿಸಿ ಬಂದೆ.

ಗುರುವಾರ 3:42ಕ್ಕೆ ಸರ್ವರ್ ಮತ್ತೆ ನಿಂತಿತು.

ಬೇಜಾರಾಯಿತು ನಿಜ. ಆದರೆ ನೋಟ್‌ಬುಕ್ ಇತ್ತು. ಆಮೇಲಿನ ವಾರ ಮಾರ್ಕೆಟ್‌ಗೆ ಎರಡು ದಿನ ಒಟ್ಟಿಗೆ ರಜೆ ಬಂತು. ನಾನು ಒಬ್ಬಳೇ ಬಂದು ತಿಂಗಳ ಲೆಕ್ಕ ಹೊಂದಿಸುತ್ತಾ ಕೂತೆ. ಅದೇ ಬಿಸಿಲು, ಅದೇ ಶೀಟು. ಮೂರೂವರೆ ಆಯಿತು, ನಾಲ್ಕಾಯಿತು, ಐದಾಯಿತು. ಎರಡೂ ದಿನ ಸರ್ವರ್ ಅಲುಗಾಡಲಿಲ್ಲ. ಹಾಗಾದರೆ ಬಿಸಿಲಲ್ಲ. ವ್ಯಾಪಾರದ ದಿನ ಆ ಹೊತ್ತಿಗೆ ಇದ್ದು, ರಜೆಯ ದಿನ ಇಲ್ಲದ್ದು ಏನು? ಬರೆದದ್ದನ್ನು ಮತ್ತೆ ಓದಿದೆ. 'ಯಾರು ಏನು ಮಾಡುತ್ತಿದ್ದರು' ಅನ್ನೋ ಕಾಲಮ್ಮಿನಲ್ಲಿ ನನ್ನದೇ ಅಕ್ಷರ: ಪಟ್ಟಿ ಪ್ರಿಂಟ್. ಪಟ್ಟಿ ಪ್ರಿಂಟ್. ಮೊದಲ ಪಟ್ಟಿ. ಪಟ್ಟಿ.

ನಮ್ಮಲ್ಲಿ ಬೆಳಿಗ್ಗೆ ಮಾಲು ಬರುತ್ತದೆ, ಆಮೇಲೆ ಟೆಂಡರ್, ಆಮೇಲೆ ತೂಕ. ಪಟ್ಟಿ ತೆಗೆಯುವುದು ಶುರುವಾಗುವುದೇ ಮೂರೂವರೆ ಮೇಲೆ. ಅಲ್ಲಿಯವರೆಗೆ ಲೇಸರ್ ಪ್ರಿಂಟರ್ ತಣ್ಣಗೆ ಮಲಗಿರುತ್ತದೆ. ಎದ್ದು ಪ್ರಿಂಟರಿನ ವೈರ್ ಹಿಡಿದು ಬೆರಳಿನಲ್ಲೇ ಹಿಂಬಾಲಿಸಿದೆ. ಟೇಬಲ್ ಕೆಳಗೆ, ಗೋಡೆಯ ಪಕ್ಕ, ಕಪಾಟಿನ ಹಿಂದೆ. ಕೊನೆಗೆ ಅದು ಹೋಗಿ ಚುಚ್ಚಿಕೊಂಡಿದ್ದು ಸರ್ವರಿನ ಯುಪಿಎಸ್‌ಗೆ ಹಾಕಿದ ಬೋರ್ಡಿಗೆ. ಗೋಡೆಯ ಸಾಕೆಟ್ ಸಡಿಲ ಆಗಿತ್ತಂತೆ, ಯಾರೋ ಒಳ್ಳೆಯ ಮನಸ್ಸಿನಿಂದಲೇ ಅಲ್ಲಿಂದ ಕಿತ್ತು ಇಲ್ಲಿ ಹಾಕಿದ್ದರು.

ಲೇಸರ್ ಪ್ರಿಂಟರಿನೊಳಗೆ ಕಾಗದದ ಮೇಲೆ ಪುಡಿಯನ್ನು ಕರಗಿಸಿ ಅಂಟಿಸುವ ಒಂದು ಬಿಸಿ ರೋಲರ್ ಇರುತ್ತದೆ, ಫ್ಯೂಸರ್ ಅಂತ. ತಣ್ಣಗಿದ್ದದ್ದು ಬಿಸಿಯಾಗುವಾಗ ಅದು ಇಸ್ತ್ರಿ ಪೆಟ್ಟಿಗೆಯ ಹಾಗೆ ಕರೆಂಟ್ ಎಳೆಯುತ್ತದೆ. ನೂರಾರು ವಾಟ್, ಕೆಲವು ಸೆಕೆಂಡು. ನಮ್ಮ ಯುಪಿಎಸ್ 1 ಕೆವಿಎ. ಅಂದರೆ ಅದು ನಿಜವಾಗಿ ಹೊರುವುದು 600 ವಾಟ್ ಅಂತ ಹಿಂದಿನ ಚೀಟಿಯಲ್ಲೇ ಬರೆದಿದೆ. ಸರ್ವರ್, ಮಾನಿಟರ್, ನೆಟ್‌ವರ್ಕ್ ಸ್ವಿಚ್ ಆಗಲೇ ಅದರ ಮೇಲಿವೆ. ಅದರ ಮೇಲೆ ಈ ಇಸ್ತ್ರಿ ಪೆಟ್ಟಿಗೆ. ಮಧ್ಯಾಹ್ನ ವೋಲ್ಟೇಜ್ ಮೊದಲೇ ಕಡಿಮೆ ಇರುತ್ತದೆ. ಪ್ರಿಂಟರ್ ಎಳೆದಾಗ ಇನ್ನೂ ಕುಸಿಯುತ್ತದೆ. ಕರೆಂಟ್ ಹೋಯಿತು ಅಂತ ತಿಳಿದು ಯುಪಿಎಸ್ ಬ್ಯಾಟರಿಗೆ ಹಾರುತ್ತದೆ. ಬ್ಯಾಟರಿಗೆ ಮೂರೂವರೆ ವರ್ಷ ವಯಸ್ಸು. ಅಷ್ಟು ಭಾರ ಒಮ್ಮೆಲೇ ಬಿದ್ದರೆ ಅದು ತಾಳುವುದಿಲ್ಲ. ಒಂದು ಕೂಗು, ಆಮೇಲೆ ಮೌನ. ಜಗಳೂರಿನ ಆ ಹಿರಿಯರ ಪಟ್ಟಿಗೆ ಆದದ್ದು ಇದೇ.

ಪ್ರಯತ್ನ ಮಾಡಿಯೇ ನೋಡೋಣ ಅಂತ ಸರ್ವರನ್ನು ಸರಿಯಾಗಿ ಶಟ್‌ಡೌನ್ ಮಾಡಿ, ಅದರ ಜಾಗಕ್ಕೆ 100 ವಾಟಿನ ಎರಡು ಬಲ್ಬ್ ಹಾಕಿ, ತಣ್ಣಗಿದ್ದ ಪ್ರಿಂಟರಿನಿಂದ ಒಂದು ಪುಟ ತೆಗೆದೆ. ಕೀರ್ ಅಂತು. ಬಲ್ಬ್ ಎರಡೂ ಆರಿದವು. ಎಂಟು ವಾರದ ತಲೆನೋವು ನನ್ನ ಕಣ್ಣೆದುರಿಗೇ ಬಂದು ನಿಂತ ಹಾಗಾಯಿತು.

ಪ್ರಿಂಟರಿಗೆ ಬೇರೆ ಸಾಕೆಟ್ ಹಾಕಿಸಿದೆವು. ಯುಪಿಎಸ್‌ಗೆ 12 ವೋಲ್ಟ್, 7 ಎಎಚ್‌ನ ಎರಡು ಹೊಸ ಬ್ಯಾಟರಿ. ಈ ಬ್ಯಾಟರಿಗಳ ಆಯುಷ್ಯ ಸಾಮಾನ್ಯವಾಗಿ ಮೂರು ವರ್ಷದ ಆಸುಪಾಸು. ಶಾಖ ಹೆಚ್ಚಿದಷ್ಟೂ ಕಡಿಮೆ. ಸೀಸದ ಬ್ಯಾಟರಿಗೆ 25 ಡಿಗ್ರಿ ಹಿತ, ಅದರ ಮೇಲೆ 10 ಡಿಗ್ರಿ ಏರಿದರೆ ಆಯುಷ್ಯ ಸುಮಾರು ಅರ್ಧಕ್ಕೆ ಇಳಿಯುತ್ತದೆ ಅನ್ನುವುದು ಬ್ಯಾಟರಿ ಕೆಲಸದವರೆಲ್ಲರ ಲೆಕ್ಕ. ನಮ್ಮೂರಿನ ಬೇಸಿಗೆಯಲ್ಲಿ ಶೀಟಿನ ಕೆಳಗೆ ಇಟ್ಟರೆ ಮೂರು ವರ್ಷ ಅನ್ನುವುದೇ ಜಾಸ್ತಿ. ಹಾಗಾಗಿ ಈಗ ಬ್ಯಾಟರಿಯ ಮೈಮೇಲೆ ಹಾಕಿದ ತಾರೀಖನ್ನು ಮಾರ್ಕರಿನಲ್ಲಿ ಬರೆದಿದ್ದೇನೆ. ಎರಡು ವರ್ಷ ಆದ ಮೇಲೆ ಪ್ರತಿ ಮೂರು ತಿಂಗಳಿಗೊಮ್ಮೆ, ಎಲ್ಲರೂ ಹೋದ ಮೇಲೆ, ಬಲ್ಬ್ ಹಾಕಿ ಎಷ್ಟು ನಿಮಿಷ ನಿಲ್ಲುತ್ತದೆ ಅಂತ ನೋಡುತ್ತೇನೆ.

ಎಂಟು ಸಾಲಿನಲ್ಲಿ ಆರಕ್ಕೆ ಉತ್ತರ ಸಿಕ್ಕಿತು. ಉಳಿದ ಎರಡು ಬೇರೆಯೇ ಕತೆ. ಅವು ಬೆಳಿಗ್ಗೆ ಆದವು. ಆ ದಿನಗಳಲ್ಲಿ ಸರ್ವರ್ ಮುಟ್ಟಿದರೆ ಕೈ ಜುಮ್ ಅನ್ನುತ್ತಿತ್ತು ಅಂತ ನಮ್ಮ ಆಫೀಸು ಹುಡುಗ ಹೇಳಿದ್ದ. ನಾನು ಅದನ್ನೂ ಬರೆದಿಟ್ಟಿದ್ದೆ, ಅರ್ಥ ಆಗಿರಲಿಲ್ಲ ಅಷ್ಟೇ. ನಮ್ಮ ಯಾರ್ಡಿನ ಕರೆಂಟ್ ಕೆಲಸ ಮಾಡುವ ಅಣ್ಣ ಬಂದವರು ಮೀಟರ್ ಹಿಡಿದು ನೋಡಿದರು. ಫೇಸ್‌ಗೂ ನ್ಯೂಟ್ರಲ್‌ಗೂ ನಡುವೆ 226 ವೋಲ್ಟ್. ಫೇಸ್‌ಗೂ ಅರ್ಥಿಂಗ್‌ಗೂ ನಡುವೆಯೂ ಅಷ್ಟೇ ಹತ್ತಿರ ಬರಬೇಕು. ಬಂದದ್ದು 170. ಅವರು ಮಾತಾಡದೆ ಚೀಲದಿಂದ ಒಂದು ಹಳೇ ಗಾಜಿನ ಬಲ್ಬ್ ತೆಗೆದು, ಫೇಸ್ ಮತ್ತು ಅರ್ಥಿಂಗ್ ನಡುವೆ ಹಿಡಿದರು. ಬಲ್ಬಿನ ತಂತಿ ಹೊತ್ತಿಸಿಟ್ಟ ಊದುಬತ್ತಿಯ ತುದಿಯ ಹಾಗೆ ಕೆಂಪಗೆ ಕಂಡಿತು, ಅಷ್ಟೇ. ಬೆಳಕಿಲ್ಲ.

"ಅರ್ಥಿಂಗ್ ಒಣಗಿ ಹೋಗೈತಿ ಅಕ್ಕಾರೆ" ಅಂದರು.

ಕಟ್ಟಡದ ಹಿಂದೆ ಹೋದೆವು. ಅರ್ಥಿಂಗ್ ಗುಂಡಿಯ ಮೇಲೆ ಹಳೆಯ ಚೀಲಗಳ ರಾಶಿ. ಸರಿಸಿದರೆ ನೆಲ ಬಿರುಕು ಬಿಟ್ಟಿತ್ತು. ಆ ಗುಂಡಿಯಲ್ಲಿ ಎರಡೂವರೆ ಮೀಟರ್ ಪೈಪ್ ಇಳಿಸಿ, ಸುತ್ತ ಇದ್ದಿಲು ಉಪ್ಪು ಪದರ ಪದರವಾಗಿ ಹಾಕಿರುತ್ತಾರೆ. ಅದು ತೇವ ಇದ್ದರೆ ಮಾತ್ರ ಕರೆಂಟ್ ಭೂಮಿಗೆ ಇಳಿಯುತ್ತದೆ. ಒಣಗಿದರೆ ಇದ್ದೂ ಇಲ್ಲದ ಹಾಗೆ. ಮೇಲೆ ತಂತಿ ಕಟ್ಟಿದ ಬೋಲ್ಟ್ ತುಕ್ಕು ಹಿಡಿದು ಪುಡಿಯಾಗಿತ್ತು. ಕಂಪ್ಯೂಟರಿನ ಪವರ್ ಸಪ್ಲೈಯಲ್ಲಿ ಸಣ್ಣ ಕೆಪಾಸಿಟರುಗಳು ಕ್ಯಾಬಿನೆಟ್ಟಿಗೆ ಸೇರಿಕೊಂಡಿರುತ್ತವೆ. ಅರ್ಥಿಂಗ್ ಸರಿ ಇಲ್ಲದಿದ್ದರೆ ತಗಡಿನ ಮೇಲೆ ಅರ್ಧದಷ್ಟು ವೋಲ್ಟೇಜ್ ಬಂದು ಕೂರುತ್ತದೆ. ಕೈ ಜುಮ್ ಅನ್ನುವುದು ಅದಕ್ಕೇ. ಅದು ನಮ್ಮನ್ನು ಕೊಲ್ಲುವಷ್ಟು ಇರದೇ ಇರಬಹುದು. ಆದರೆ ನಿಜವಾಗಿಯೂ ಒಳಗೆ ವೈರ್ ತಾಗಿ ಲೀಕ್ ಆದ ದಿನ ನಮ್ಮನ್ನು ಕಾಯುವುದು ಆ ಅರ್ಥಿಂಗ್ ಒಂದೇ. ಅದಕ್ಕೆ ಹೇಳುತ್ತೇನೆ, ಮೈ ಜುಮ್ ಅನ್ನುವ ಕಂಪ್ಯೂಟರನ್ನು ಯಾರೂ ಅಭ್ಯಾಸ ಮಾಡಿಕೊಳ್ಳಬೇಡಿ. ಬಲ್ಬ್ ಹಿಡಿದು ನೋಡುವುದನ್ನೂ ನೀವೇ ಮಾಡಬೇಡಿ, ಕೆಲಸ ಗೊತ್ತಿರುವವರನ್ನು ಕರೆಸಿ.

ಹೊಸ ಬೋಲ್ಟ್ ಹಾಕಿ, ನಾಲ್ಕು ಕೊಡ ನೀರು ಸುರಿದು, ಒಂದು ತಾಸು ಬಿಟ್ಟು ಮತ್ತೆ ಬಲ್ಬ್ ಹಿಡಿದರು. ಬೆಳ್ಳಗೆ ಉರಿಯಿತು. ಆಮೇಲಿಂದ ಬೇಸಿಗೆಯಲ್ಲಿ ವಾರಕ್ಕೊಮ್ಮೆ ಆ ಗುಂಡಿಗೆ ನೀರು ಹಾಕುವುದನ್ನು ನಮ್ಮ ಹಮಾಲಿ ಮೇಸ್ತ್ರಿಯವರು ವಹಿಸಿಕೊಂಡಿದ್ದಾರೆ. ತುಳಸಿಗೆ ಹಾಕುವಷ್ಟೇ ನಿಷ್ಠೆಯಿಂದ ಹಾಕುತ್ತಾರೆ.

ಕರೆಂಟಿನ ಕತೆ ಇಷ್ಟು. ಇನ್ನು ನನಗೆ ಈಗಲೂ ನೋವು ಕೊಡುವ ವಿಷಯ ಹೇಳಬೇಕು.

ಹಾಗೆ ಧಡಕ್ಕನೆ ನಿಂತ ಒಂದು ದಿನ ಮಂಡಿ ಸಾಫ್ಟ್‌ವೇರಿನ ಡೇಟಾ ಫೈಲ್ ಕೆಟ್ಟಿತು. ತೆಗೆದರೆ ತೆರೆಯುತ್ತಿಲ್ಲ. ಮಿರರ್ ಇದೆಯಲ್ಲ, ಎರಡನೇ ಡಿಸ್ಕಿನಲ್ಲಿ ಇರುತ್ತದೆ ಅಂದುಕೊಂಡೆ. ಅಲ್ಲಿಯೂ ಕೆಟ್ಟದ್ದೇ ಇತ್ತು. ಇರಲೇಬೇಕು. ಹೀಗೆ ಹಲವು ಡಿಸ್ಕುಗಳನ್ನು ಜೋಡಿಸುವುದಕ್ಕೆ ರೇಡ್ ಅಂತ ಹೆಸರು ಬಂದದ್ದು 1988ರಲ್ಲಿ, ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದ ಪ್ಯಾಟರ್ಸನ್, ಗಿಬ್ಸನ್, ಕ್ಯಾಟ್ಜ್ ಬರೆದ ಪ್ರಬಂಧದಿಂದ. ಒಂದು ಡಿಸ್ಕ್ ಸತ್ತರೆ ಕೆಲಸ ನಿಲ್ಲಬಾರದು, ಮಿರರ್ ಇರುವುದು ಅದಕ್ಕೆ. ಅದು ಒಳ್ಳೆಯದನ್ನೂ ಕೆಟ್ಟದ್ದನ್ನೂ ಒಂದೇ ನಿಷ್ಠೆಯಿಂದ ನಕಲು ಮಾಡುತ್ತದೆ. ತಪ್ಪಾಗಿ ಅಳಿಸಿದರೆ ಎರಡರಲ್ಲೂ ಅಳಿಯುತ್ತದೆ.

ಸರಿ, ಬ್ಯಾಕಪ್ ತೆಗೆಯೋಣ ಅಂತ ಪೆನ್‌ಡ್ರೈವ್ ಹಾಕಿದೆ. ದಿನಾ ರಾತ್ರಿ ತಾನಾಗಿ ಕಾಪಿ ಆಗುವ ಹಾಗೆ ಯಾರೋ ಹಿಂದೆ ಮಾಡಿಕೊಟ್ಟಿದ್ದರು. ಫೈಲುಗಳ ಹೆಸರು ದಿನ ದಿನಕ್ಕೂ ಇದ್ದವು. ಸೈಜ್ ನೋಡಿದರೆ ಕೊನೆಯ ಮೂರು ದಿನದ್ದು ಸೊನ್ನೆ. ಪೆನ್‌ಡ್ರೈವ್ ತುಂಬಿಹೋಗಿತ್ತು. ಹೆಸರು ಬರೆಯಲು ಜಾಗ ಇತ್ತು, ಒಳಗಿನ ಡೇಟಾಗೆ ಇರಲಿಲ್ಲ. ಹೆಸರು ನೋಡಿ ಬ್ಯಾಕಪ್ ಇದೆ ಅಂತ ನಾವೆಲ್ಲ ನೆಮ್ಮದಿಯಿಂದ ಇದ್ದೆವು.

ಮೂರು ದಿನದ 212 ಪಟ್ಟಿ. ಪುಣ್ಯಕ್ಕೆ ತೂಕದ ಚೀಟಿಗಳು ಇದ್ದವು. ನಮ್ಮ ಮಂಡಿಯಲ್ಲಿ ತೂಕದ ಚೀಟಿಯನ್ನು ತಂತಿಗೆ ಚುಚ್ಚಿ ಇಡುವ ಹಳೆಯ ಪದ್ಧತಿ ಇನ್ನೂ ಇದೆ. ಕಂಪ್ಯೂಟರ್ ಬಂದ ಮೇಲೆ ಇದೆಲ್ಲ ಯಾಕೆ ಅಂತ ನಾನೇ ಒಂದು ಸಲ ಕೇಳಿದ್ದೆ. ಸಾಹುಕಾರ್ರು, "ಇರ್ಲಿ ಬಿಡಮ್ಮ" ಅಂದಿದ್ದರು. ಆ ರಾತ್ರಿ ನಾವು ನಾಲ್ಕು ಜನ ಆ ತಂತಿಯಿಂದ ಒಂದೊಂದೇ ಚೀಟಿ ಬಿಡಿಸಿ, ಒಬ್ಬರು ಓದಿ, ಒಬ್ಬರು ಟೈಪ್ ಮಾಡಿ, ಎಲ್ಲ ಮುಗಿಸುವಾಗ 11 ಗಂಟೆ ದಾಟಿತ್ತು. ಸಾಹುಕಾರ್ರೇ ಮಂಡಕ್ಕಿ, ಮಿರ್ಚಿ ತರಿಸಿದರು. ಟೈಪ್ ಮಾಡುವ ಕೈಗೆ ಎಣ್ಣೆ ಆಗಬಾರದು ಅಂತ ಓದುವವರೇ ನನ್ನ ಬಾಯಿಗೆ ಹಾಕಿದರು. ಯಾರೂ ಒಂದು ಮಾತು ಬೈಯಲಿಲ್ಲ. ಅದಕ್ಕೇ ಇನ್ನೂ ಹೆಚ್ಚು ನೋವಾಯಿತು.

ಈಗ ನಮ್ಮ ಬ್ಯಾಕಪ್ ಹೀಗಿದೆ. ಡೇಟಾ ಮೂರು ಕಡೆ ಇರಬೇಕು, ಎರಡು ಬೇರೆ ಬೇರೆ ಸಾಧನದಲ್ಲಿ, ಒಂದಾದರೂ ಬೇರೆ ಕಟ್ಟಡದಲ್ಲಿ. ಇದು ನನ್ನ ಕಲ್ಪನೆ ಅಲ್ಲ, 3-2-1 ಅಂತ ಈ ಕೆಲಸದವರೆಲ್ಲ ಹೇಳುವ ಮಾತು. ಸರ್ವರಿನಲ್ಲಿ ಒಂದು. ಹೊರಗಿನ ಹಾರ್ಡ್‌ಡಿಸ್ಕ್ ಎರಡು, ಒಂದಕ್ಕೆ ಕೆಂಪು ದಾರ, ಒಂದಕ್ಕೆ ಹಳದಿ. ಒಂದು ದಿನ ಕೆಂಪು, ಒಂದು ದಿನ ಹಳದಿ. ಯಾವುದು ಆಫೀಸಿನಲ್ಲಿಲ್ಲವೋ ಅದು ನನ್ನ ಊಟದ ಚೀಲದಲ್ಲಿ ಮನೆಗೆ ಬರುತ್ತದೆ, ಪಾಸ್‌ವರ್ಡ್ ಹಾಕಿ ಲಾಕ್ ಮಾಡಿದ್ದು. ಕಾಪಿ ಆದ ಮೇಲೆ ಡಿಸ್ಕ್ ಕಿತ್ತಿಡುತ್ತೇವೆ. ಸದಾ ಚುಚ್ಚಿಕೊಂಡೇ ಇದ್ದರೆ ಫೈಲುಗಳಿಗೆ ಬೀಗ ಹಾಕಿ ದುಡ್ಡು ಕೇಳುವ ವೈರಸ್ಸು ಬಂದ ದಿನ ಅದಕ್ಕೂ ಬೀಗ ಬೀಳುತ್ತದೆ. 2017ರ ಮೇ ತಿಂಗಳಲ್ಲಿ ವಾನಾಕ್ರೈ ಅನ್ನುವ ಅಂಥದ್ದೇ ವೈರಸ್ಸು ಹರಡಿದಾಗ ಎಷ್ಟೋ ದೇಶಗಳ ಕಚೇರಿಗಳಲ್ಲಿ ಕಂಪ್ಯೂಟರುಗಳು ಹೀಗೇ ಬೀಗ ಹಾಕಿಕೊಂಡವು. ವಿಂಡೋಸಿನ ಹಳೆಯ ಫೈಲ್ ಶೇರಿಂಗ್ ದಾರಿಯೊಳಗಿಂದ ಅದು ನುಗ್ಗಿದ್ದು. ನಮ್ಮ ಸರ್ವರಿನಲ್ಲಿ ಇರುವುದು ವಿಂಡೋಸ್ ಸರ್ವರ್ 2012 ಆರ್2. ಅದಕ್ಕೆ ಮೈಕ್ರೋಸಾಫ್ಟಿನ ಮಾಮೂಲಿ ಅಪ್‌ಡೇಟ್ 2023ರ ಅಕ್ಟೋಬರ್ 10ಕ್ಕೆ ಮುಗಿದಿದೆ. ಹಾಗಾಗಿ ಆ ಹಳೆಯ ಶೇರಿಂಗ್ ಆಫ್ ಮಾಡಿಸಿ, ಸರ್ವರಿಗಿದ್ದ ಇಂಟರ್ನೆಟ್ ಕೂಡ ತೆಗೆಸಿದ್ದೇವೆ. ಆಫೀಸಿನ ಒಳಗೆ ಮಾತ್ರ ಅದರ ಓಡಾಟ.

ಎಲ್ಲಕ್ಕಿಂತ ಮುಖ್ಯ, ತಿಂಗಳ ಮೊದಲ ಶನಿವಾರ ಹಿಂದಿನ ಕೋಣೆಯ ಹಳೆಯ ಕಂಪ್ಯೂಟರಿಗೆ ಆ ಬ್ಯಾಕಪ್ ಹಾಕಿ, ಸಾಫ್ಟ್‌ವೇರ್ ತೆರೆದು, ಹಿಂದಿನ ದಿನದ ಯಾವುದಾದರೂ ಒಂದು ಪಟ್ಟಿ ತೆಗೆದು ತೂಕದ ಚೀಟಿಯ ಜೊತೆ ತಾಳೆ ನೋಡುತ್ತೇನೆ. ಪಟ್ಟಿ ಕಂಡರೆ ಮಾತ್ರ ಬ್ಯಾಕಪ್ ಇದೆ ಅಂತ ಬರೆಯುತ್ತೇನೆ.

ಸಣ್ಣಪುಟ್ಟವು ಎಷ್ಟೋ ಇವೆ. ಸೋಮವಾರ ಬೆಳಿಗ್ಗೆ ಮಾತ್ರ ಪಟ್ಟಿಯ ಮೇಲೆ ಹಳೆಯ ವರ್ಷದ ತಾರೀಖು ಬರುತ್ತಿತ್ತು. ಭಾನುವಾರ ಮೇನ್ ಸ್ವಿಚ್ ಆಫ್ ಇರುತ್ತದೆ, ಆಗ ತಾರೀಖು ನೆನಪಿಟ್ಟುಕೊಳ್ಳುವ ಒಳಗಿನ ಗುಂಡು ಬ್ಯಾಟರಿ ಸತ್ತಿತ್ತು. ಸಿಆರ್2032 ಅಂತ, ವಾಚ್ ಅಂಗಡಿಯಲ್ಲೂ ಸಿಗುತ್ತದೆ, ಹಾಕಿದ ಮೇಲೆ ಸರಿಹೋಯಿತು. ಕಾಳಿನ ಗೋದಾಮು ಅಂದ ಮೇಲೆ ಇಲಿ ಇದ್ದೇ ಇರುತ್ತದೆ. ಎರಡು ಸಲ ಲ್ಯಾನ್ ಕೇಬಲ್ ಕಡಿದವು, ಈಗ ಪೈಪಿನೊಳಗೆ ಹಾಕಿಸಿದ್ದೇವೆ. ಸರ್ವರನ್ನು ನೆಲದಿಂದ ಎತ್ತಿ ಮರದ ಸ್ಟ್ಯಾಂಡಿನ ಮೇಲೆ ಇಟ್ಟಿದ್ದೇವೆ. ಮುಂದಿನ ಜಾಲರಿಗೆ ಸೊಳ್ಳೆ ಪರದೆಯ ತುಂಡು ಕಟ್ಟಿದ್ದೇನೆ. ಮೆಕ್ಕೆಜೋಳದ ಸೀಸನ್ನಿನಲ್ಲಿ ಪ್ರತಿ ಶನಿವಾರ ಅದನ್ನು ಬಿಚ್ಚಿ ತೊಳೆದರೆ ನೀರು ಕೆಂಪಗಾಗುತ್ತದೆ. ಆಯುಧ ಪೂಜೆಯ ದಿನ ಅರಿಶಿನ ಕುಂಕುಮ ಈಗ ಪಕ್ಕದ ತಗಡಿಗೆ ಹಚ್ಚುತ್ತೇವೆ. ಮೊದಲು ಮುಂದಿನ ಜಾಲರಿಗೆ ಹಚ್ಚುತ್ತಿದ್ದೆವು, ಫ್ಯಾನ್ ಅದನ್ನೆಲ್ಲ ಒಳಗೆ ಎಳೆದುಕೊಳ್ಳುತ್ತಿತ್ತು.

ಇನ್ನು ಡಿಸ್ಕು. ಕ್ರಿಸ್ಟಲ್ ಡಿಸ್ಕ್ ಇನ್ಫೋ ಅಂತ ಉಚಿತ ಪ್ರೋಗ್ರಾಂ ಇದೆ. ಡಿಸ್ಕ್ ತನ್ನ ಬಗ್ಗೆ ತಾನೇ ಬರೆದುಕೊಳ್ಳುವ ಸ್ಮಾರ್ಟ್ ಲೆಕ್ಕವನ್ನು ಅದು ತೋರಿಸುತ್ತದೆ. ಅದರಲ್ಲಿ ನಾನು ಮೂರು ಸಾಲು ಮಾತ್ರ ನೋಡುತ್ತೇನೆ. 05, ಅಂದರೆ ಕೆಟ್ಟು ಬದಲಾಯಿಸಿದ ಸೆಕ್ಟರುಗಳು (ಡೇಟಾ ಬರೆಯುವ ಸಣ್ಣ ಸಣ್ಣ ಭಾಗಗಳು). ಸಿ5, ಓದಲಾಗದೆ ಅನುಮಾನದಲ್ಲಿ ಇಟ್ಟ ಸೆಕ್ಟರುಗಳು. ಸಿ7, ಡಿಸ್ಕಿಗೂ ಬೋರ್ಡಿಗೂ ನಡುವಿನ ಮಾತಿನಲ್ಲಿ ಆದ ತಪ್ಪುಗಳು. ಹೋದ ವರ್ಷ ಸಿ7 ದಿನಾ ಏರುತ್ತಿತ್ತು. ಡಿಸ್ಕ್ ಹೋಯಿತು ಅಂತ ಗಾಬರಿಯಾದೆ. 05 ಮತ್ತು ಸಿ5 ಸೊನ್ನೆ ಇದ್ದು ಸಿ7 ಮಾತ್ರ ಏರಿದರೆ ಹೆಚ್ಚಾಗಿ ಕೇಬಲ್ ದೋಷ ಅಂತ ಓದಿ ತಿಳಿದೆ. ಒಂದು ಸಾಟಾ ಕೇಬಲ್ ಬದಲಾಯಿಸಿದೆ. ಏರುವುದು ನಿಂತಿತು. ಹಳೆಯ ಅಂಕಿ ಮಾತ್ರ ಅಲ್ಲೇ ಉಳಿಯುತ್ತದೆ, ಅದು ಇಳಿಯುವುದಿಲ್ಲ.

ಹೋದ ತಿಂಗಳು ಸಿ5 ಸಾಲಿನಲ್ಲಿ ಮೊದಲ ಸಲ ಸೊನ್ನೆ ಹೋಗಿ 8 ಬಂತು. ವಾರ ಬಿಟ್ಟು 24. ಈ ಸಲ ಕೇಬಲ್ ಅಲ್ಲ. ಸಾಹುಕಾರ್ರಿಗೆ ನೋಟ್‌ಬುಕ್ ತೋರಿಸಿದೆ. "ಎಷ್ಟಾಕ್ಕತಿ ಹೇಳಮ್ಮ" ಅಂದರು, ಬೇರೆ ಏನೂ ಕೇಳಲಿಲ್ಲ. ಭಾನುವಾರ ಬೆಳಿಗ್ಗೆ 9ಕ್ಕೆ ಬಂದು, ಕೆಂಪು ಹಳದಿ ಎರಡರಲ್ಲೂ ಬ್ಯಾಕಪ್ ತೆಗೆದೆ. ಯಾವ ಡಿಸ್ಕ್ ಅಂತ ಸೀರಿಯಲ್ ನಂಬರ್ ಎರಡು ಸಲ ಓದಿದೆ. ತಪ್ಪಿ ಒಳ್ಳೆಯದನ್ನು ಕಿತ್ತರೆ ಮುಗಿಯಿತು. ಹೊಸದು ಹಾಕಿ ಮಿರರ್ ಮತ್ತೆ ಕಟ್ಟಲು ಬಿಟ್ಟೆ. ಪೂರ್ತಿ ಆಗುವಾಗ ಸಂಜೆ 4:10.

ತೆಗೆದ ಡಿಸ್ಕ್ ನನ್ನ ಡ್ರಾಯರಿನಲ್ಲಿತ್ತು. ಗುಜರಿಯವರು ಕೇಳಿದರು, ಕೊಡಲಿಲ್ಲ. ಅದರಲ್ಲಿ ಸಾವಿರಾರು ರೈತರ ಬ್ಯಾಂಕ್ ಖಾತೆ ನಂಬರ್, ಫೋನ್ ನಂಬರ್ ಇವೆ. ನಿನ್ನೆ ಕರೆಂಟ್ ಕೆಲಸದ ಅಣ್ಣ ಡ್ರಿಲ್ ತಂದಿದ್ದರು. ಅಂಗಳದಲ್ಲಿ ಮರದ ಹಲಗೆಯ ಮೇಲೆ ಇಟ್ಟು, ಒಳಗಿನ ತಟ್ಟೆಗಳಿಗೆ ತಾಗುವ ಹಾಗೆ ಮೂರು ತೂತು ಕೊರೆಸಿದೆ.